ನಮ್ಮ ಸಂಸದರು ಹೇಗೆ ಮತ ಹಾಕಿದರು, ಸದನದಲ್ಲಿ ಏನು ಕೇಳಿದರು ಅಂತ ನೋಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: "ನಮ್ಮ ಸಂಸದರು ಯಾವ ಮಸೂದೆಯ ಪರ ಮತ ಹಾಕಿದರು, ಯಾವುದನ್ನು ವಿರೋಧಿಸಿದರು, ಸದನದಲ್ಲಿ ಏನು ಕೆಲಸ ಮಾಡಿದರು ಅಂತ ಒಂದೇ ಕಡೆ ನೋಡಬಹುದಾ?"

ಒಂದೇ ಕಡೆ ಸಿಗುವುದಿಲ್ಲ. ಹಾಜರಾತಿ, ಪ್ರಶ್ನೆಗಳು, ಭಾಷಣಗಳು ಸುಲಭವಾಗಿ ಸಿಗುತ್ತವೆ. ಆದರೆ ಬಹಳಷ್ಟು ಮಸೂದೆಗಳಿಗೆ ಯಾರು ಹೇಗೆ ಮತ ಹಾಕಿದರು ಎನ್ನುವ ದಾಖಲೆಯೇ ಇರುವುದಿಲ್ಲ. ಪ್ರತಿ ಅಧಿವೇಶನ ಮುಗಿದ ಮೇಲೆ ನಮ್ಮ ಕಡೆಯ ಸಂಸದರ ಪ್ರಶ್ನೆ ಮತ್ತು ಉತ್ತರಗಳನ್ನು ಕೂತು ಓದುವ ಅಭ್ಯಾಸ ನನಗಿದೆ. ಆ ಅನುಭವದ ಮೇಲೆ ಹೇಳುತ್ತೇನೆ. ಮತದ ಪಟ್ಟಿ ನೋಡಿದರೆ ನಿಮಗೆ ಹೆಚ್ಚಾಗಿ ಪಕ್ಷದ ನಿಲುವು ಗೊತ್ತಾಗುತ್ತದೆ. ನೀವು ಆರಿಸಿದ ವ್ಯಕ್ತಿ ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗಬೇಕಾದರೆ ಪ್ರಶ್ನೆಗಳನ್ನು ಓದಬೇಕು.

ಮೊದಲು ಮತದ ವಿಷಯ. ಹೆಚ್ಚಿನ ಮಸೂದೆಗಳು ಪಾಸಾಗುವುದು ಧ್ವನಿಮತದಿಂದ. ಸ್ಪೀಕರ್ ಪ್ರಸ್ತಾವ ಓದುತ್ತಾರೆ. ಪರ ಇರುವವರು ಹೌದು ಅನ್ನಿ, ವಿರೋಧ ಇರುವವರು ಇಲ್ಲ ಅನ್ನಿ ಎನ್ನುತ್ತಾರೆ. ಎರಡೂ ಕಡೆಯಿಂದ ಕೂಗು ಬರುತ್ತದೆ. ಹೌದು ಅಂದವರದೇ ಬಹುಮತ ಅಂತ ಸ್ಪೀಕರ್ ಘೋಷಿಸಿದರೆ ಅಲ್ಲಿಗೆ ಮುಗಿಯಿತು. ಯಾರು ಕೂಗಿದರು, ಯಾರು ಸುಮ್ನೆ ಕೂತಿದ್ದರು, ಯಾರು ಒಳಗೇ ಇರಲಿಲ್ಲ ಎನ್ನುವುದು ಎಲ್ಲೂ ದಾಖಲಾಗುವುದಿಲ್ಲ. ಪತ್ರಿಕೆಯಲ್ಲಿ "ಧ್ವನಿಮತದಿಂದ ಅಂಗೀಕಾರ" ಅಂತ ಬಂದಿದ್ದರೆ ನಿಮ್ಮ ಸಂಸದರ ಹೆಸರನ್ನು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಸ್ಪೀಕರ್ ಘೋಷಿಸಿದ್ದನ್ನು ಸದಸ್ಯರು ಒಪ್ಪದೆ ಮತ ವಿಭಜನೆ (ಇಂಗ್ಲಿಷ್‌ನಲ್ಲಿ ಡಿವಿಷನ್, ಅಂದರೆ ಒಬ್ಬೊಬ್ಬರ ಮತವನ್ನೂ ಎಣಿಸುವುದು) ಕೇಳಿದರೆ ಮಾತ್ರ ಹೆಸರು ದಾಖಲಾಗುತ್ತದೆ. ಆಗ ಲಾಬಿ ತೆರವು ಮಾಡಿಸಿ ಗಂಟೆ ಬಾರಿಸುತ್ತಾರೆ. ಮೂರೂವರೆ ನಿಮಿಷದ ನಂತರ ಬಾಗಿಲು ಮುಚ್ಚಿ, ಪ್ರಸ್ತಾವವನ್ನು ಮತ್ತೊಮ್ಮೆ ಕೇಳುತ್ತಾರೆ. ಸದಸ್ಯರು ತಮ್ಮ ಜಾಗದಲ್ಲಿ ಕೂತು ಬಟನ್ ಒತ್ತುತ್ತಾರೆ. ವಿಭಜನೆ ಅನಗತ್ಯ ಅಂತ ಸ್ಪೀಕರ್‌ಗೆ ಅನ್ನಿಸಿದರೆ ಎದ್ದು ನಿಲ್ಲಿಸಿ ಬರೀ ತಲೆ ಎಣಿಸಲೂಬಹುದು. ಹಾಗೆ ಎಣಿಸಿದಾಗಲೂ ಹೆಸರು ದಾಖಲಾಗುವುದಿಲ್ಲ. ಸಂವಿಧಾನ ತಿದ್ದುಪಡಿಗೆ ವಿಭಜನೆ ಆಗಲೇಬೇಕು. ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ಇದೆ ಅಂತ ಅಲ್ಲಿ ಲೆಕ್ಕದಲ್ಲಿ ತೋರಿಸಬೇಕು.

2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಬಂದಾಗ ಆದದ್ದನ್ನು ನೋಡಿ. ವಿರೋಧ ಪಕ್ಷಗಳು ವಿಭಜನೆ ಕೇಳಿದವು. ಸದಸ್ಯರು ತಮ್ಮ ಜಾಗದಲ್ಲಿ ಇರಲಿಲ್ಲ ಎನ್ನುವ ಕಾರಣ ಕೊಟ್ಟು, ಸದನ ನಡೆಸುತ್ತಿದ್ದ ಉಪಸಭಾಪತಿ ಗದ್ದಲದ ನಡುವೆಯೇ ಧ್ವನಿಮತದಲ್ಲಿ ಮುಗಿಸಿದರು. ಮರುದಿನ ಎಂಟು ಸದಸ್ಯರು ಅಮಾನತಾದರು. ಅವರಲ್ಲಿ ಕರ್ನಾಟಕದ ಸೈಯದ್ ನಾಸಿರ್ ಹುಸೇನ್ ಕೂಡ ಒಬ್ಬರು. ದೇಶದ ರೈತರು ವರ್ಷವಿಡೀ ಬೀದಿಯಲ್ಲಿ ಕೂರುವಂತೆ ಮಾಡಿದ ಕಾನೂನುಗಳಿವು. ಆ ದಿನ ಆ ಸದನದಲ್ಲಿ ಯಾವ ಸದಸ್ಯರು ಯಾವ ಕಡೆ ಇದ್ದರು ಎನ್ನುವುದಕ್ಕೆ ಹೆಸರಿನ ಪಟ್ಟಿಯೇ ಇಲ್ಲ. ನನಗೆ ಇದು ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಸಂಸತ್ತಿನ ಸುದ್ದಿಯಲ್ಲಿ ಪರ–ವಿರೋಧ ಮತಗಳ ಅಂಕಿ ಕಂಡರೆ ಸಾಮಾನ್ಯವಾಗಿ ಹೆಸರಿನ ಪಟ್ಟಿ ಇದೆ ಅಂತ ಲೆಕ್ಕ. ಪೌರತ್ವ ತಿದ್ದುಪಡಿ ಮಸೂದೆಗೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ 311–80. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 20ರಂದು 454–2. ವಕ್ಫ್ ತಿದ್ದುಪಡಿಗೆ 2025ರ ಏಪ್ರಿಲ್‌ನಲ್ಲಿ 288–232. ಇಂಥವುಗಳ ಹೆಸರಿನ ಪಟ್ಟಿ ಸಂಸತ್ತಿನ ಜಾಲತಾಣ ಸಂಸದ್ ಡಾಟ್ ಇನ್‌ನಲ್ಲಿ, ಆ ದಿನದ ಚರ್ಚೆಯ ಪೂರ್ಣ ಪಾಠದ ಒಳಗೆ ಇರುತ್ತದೆ. ಬೇರೆ ಪುಟ ಅಂತ ಇರುವುದಿಲ್ಲ. ನೂರಾರು ಪುಟದ ಪಿಡಿಎಫ್ ತೆರೆದು "ಡಿವಿಷನ್" ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಹಾಕಿ ಹುಡುಕಿ.

ಹುಡುಕುವಾಗ ಕೆಲವು ವಿಷಯ ನೆನಪಿರಲಿ. ತಾರೀಕು ಕೈಕೊಡುತ್ತದೆ. ವಕ್ಫ್ ಮಸೂದೆಯ ಮತದಾನ ಮುಗಿದದ್ದು ನಡುರಾತ್ರಿ ದಾಟಿದ ಮೇಲೆ, ಕ್ಯಾಲೆಂಡರ್ ಪ್ರಕಾರ ಏಪ್ರಿಲ್ 3. ಆದರೆ ಕಲಾಪ ಶುರುವಾದದ್ದು 2ಕ್ಕೆ, ಆದ್ದರಿಂದ 2ನೇ ತಾರೀಕಿನ ಕಲಾಪದಲ್ಲೇ ನೋಡಬೇಕು. ಹೆಸರಿನ ಕ್ರಮವೂ ನಮ್ಮ ಕಡೆಯವರಿಗೆ ಗೊಂದಲ. ಇನಿಷಿಯಲ್ ಹಿಂದಕ್ಕೆ ಹೋಗುತ್ತದೆ. ಡಿ.ಕೆ. ಸುರೇಶ್ ಅವರನ್ನು "ಸುರೇಶ್, ಶ್ರೀ ಡಿ.ಕೆ." ಅಂತ ಹುಡುಕಬೇಕು. ಒಂದೇ ಮಸೂದೆಗೆ ನಾಲ್ಕಾರು ವಿಭಜನೆ ನಡೆದಿರಬಹುದು. ವಿರೋಧ ಪಕ್ಷದವರ ತಿದ್ದುಪಡಿಗೆ ಇಲ್ಲ ಅಂದವರು ಮಸೂದೆಗೆ ಹೌದು ಅಂದಿರುತ್ತಾರೆ. ಆದ್ದರಿಂದ ಪಟ್ಟಿಯ ಮೇಲೆ ಯಾವ ಪ್ರಸ್ತಾವ ಇದೆ ಅಂತ ಓದದೆ ಸ್ಕ್ರೀನ್‌ಶಾಟ್ ಹಂಚಬೇಡಿ. ಇನ್ನು, ತಟಸ್ಥರಾಗಿ ಉಳಿದವರ ಪಟ್ಟಿ ಬೇರೆ ಇರುತ್ತದೆ. ಯಾವ ಪಟ್ಟಿಯಲ್ಲೂ ಹೆಸರಿಲ್ಲದಿದ್ದರೆ ಅವರು ಮತವೇ ಹಾಕಿಲ್ಲ ಅಂತ ಅರ್ಥ.

ಅಂಕಿಯೂ ಬದಲಾಗಬಹುದು. 2024ರ ಡಿಸೆಂಬರ್ 17ರಂದು "ಒಂದು ದೇಶ, ಒಂದು ಚುನಾವಣೆ" ಮಸೂದೆ ಮಂಡನೆಗೆ ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ಮೊದಲ ಸಲ ಯಂತ್ರದಲ್ಲಿ ಮತ ಹಾಕಿದರು. ಪರದೆ ಮೇಲೆ ಬಂದದ್ದು 220–149. ಬಟನ್ ಕೆಲಸ ಮಾಡದವರು, ತಪ್ಪು ಒತ್ತಿದವರು ಚೀಟಿ ಬರೆದುಕೊಟ್ಟ ಮೇಲೆ ಅದು 269–198 ಆಯಿತು. ಪಟ್ಟಿಯ ಕೆಳಗಿನ ಅಡಿಟಿಪ್ಪಣಿಯಲ್ಲಿ ಚೀಟಿಯಲ್ಲಿ ಮತ ಕೊಟ್ಟವರ, ತಿದ್ದಿಕೊಂಡವರ ಹೆಸರು ಇರುತ್ತದೆ. ಅದನ್ನೂ ಓದಿ.

ಇಷ್ಟೆಲ್ಲ ಮಾಡಿ ಹೆಸರು ಸಿಕ್ಕ ಮೇಲೆ ಏನು ಗೊತ್ತಾಯಿತು? 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ವಿಪ್ (ಹೀಗೇ ಮತ ಹಾಕಿ ಎನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದವರನ್ನು ಪಕ್ಷ 15 ದಿನದೊಳಗೆ ಕ್ಷಮಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಸರ್ಕಾರ ಉಳಿಸುವ ವಿಶ್ವಾಸಮತಕ್ಕೆ ಇದು ಬೇಕು ಅಂದರೆ ಒಪ್ಪಬಹುದು. ಆದರೆ ಪಕ್ಷ ವಿಪ್ ಹೊರಡಿಸಿದರೆ ಸಾಮಾನ್ಯ ಮಸೂದೆಗೂ ಇದೇ ನಿಯಮ. ಹಾಗಾಗಿ ಒಂದು ಪಕ್ಷದ ಎಲ್ಲರ ಮತವೂ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ. 2019ರಲ್ಲಿ ಮಂಡ್ಯದಿಂದ ಗೆದ್ದ ಸುಮಲತಾ ಅಂಬರೀಶ್ ಅವರಂಥ ಪಕ್ಷೇತರರಿಗೆ ಮಾತ್ರ ವಿಪ್ ಇಲ್ಲ. ಅಮೆರಿಕದಲ್ಲಿ ಒಬ್ಬೊಬ್ಬ ಸದಸ್ಯರ ಮತದ ದಾಖಲೆ ನೋಡಿ ಅಳೆಯುತ್ತಾರೆ, ಅಲ್ವಾ? ಅದೇ ಅಳತೆಯನ್ನು ಇಲ್ಲಿ ಹಿಡಿದರೆ ಹೆಚ್ಚೇನೂ ಸಿಗುವುದಿಲ್ಲ.

ಅದಕ್ಕೇ ನಾನು ಪ್ರಶ್ನೆಗಳ ಕಡೆ ಹೋಗಿ ಅನ್ನುವುದು. ಪ್ರಶ್ನೆ ಕೇಳಲು ವಿಪ್ ಬೇಕಿಲ್ಲ, ಆಡಳಿತ ಪಕ್ಷದವರೂ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಪಟ್ಟಿಗೆ ಬರುತ್ತವೆ. ಮೊದಲನೆಯದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಎರಡನೆಯದಕ್ಕೆ ಬರಹದ ಉತ್ತರ. ಸಂಸದ್ ಡಾಟ್ ಇನ್‌ನಲ್ಲಿ ಸದಸ್ಯರ ಹೆಸರು, ಸಚಿವಾಲಯ, ತಾರೀಕು ಹಾಕಿ ಹುಡುಕಿದರೆ ಪ್ರಶ್ನೆ ಮತ್ತು ಉತ್ತರದ ಪಿಡಿಎಫ್ ಬರುತ್ತದೆ.

ಸಂಸತ್ತಿನ ಕೆಲಸವನ್ನು ಗಮನಿಸುವ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎನ್ನುವ ಸಂಸ್ಥೆ 2005ರಿಂದ ಇದೆ. ಅವರ ತಾಣದಲ್ಲಿ ಪ್ರತಿ ಸಂಸದರಿಗೂ ಒಂದು ಪುಟ ಇದೆ. ಹಾಜರಾತಿ ಶೇಕಡಾ ಎಷ್ಟು, ಎಷ್ಟು ಚರ್ಚೆ, ಎಷ್ಟು ಪ್ರಶ್ನೆ, ಎಷ್ಟು ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತರುವ ಮಸೂದೆ), ಪಕ್ಕದಲ್ಲೇ ರಾಜ್ಯದ ಸರಾಸರಿ, ದೇಶದ ಸರಾಸರಿ. ಶುರು ಮಾಡಲು ಒಳ್ಳೆಯ ಜಾಗ. ಚುನಾವಣೆ ಹೊತ್ತಿಗೆ ವಾಟ್ಸಾಪ್‌ನಲ್ಲಿ ಓಡಾಡುವ "ನಂಬರ್ ಒನ್ ಸಂಸದ" ಪೋಸ್ಟರ್‌ಗಳು ಬಹುಪಾಲು ಇಂಥ ಅಂಕಿಗಳಿಂದಲೇ ಹುಟ್ಟುತ್ತವೆ. ಅಂಕಿ ಸುಳ್ಳಲ್ಲ. ಆದರೆ ಅಷ್ಟನ್ನೇ ನೋಡಿದರೆ ಸಾಲದು.

ಹಾಜರಾತಿ ಅಂದರೆ ಆ ದಿನ ಹಾಜರಿ ಬಿದ್ದಿದೆ ಅಂತ ಅಷ್ಟೇ, ಸಂಜೆಯವರೆಗೆ ಕೂತಿದ್ದರು ಅಂತಲ್ಲ. ಸಚಿವರು ಹಾಜರಿ ಹಾಕುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. 2024ರ ಚುನಾವಣೆ ನಂತರ ಧಾರವಾಡದ ಪ್ರಲ್ಹಾದ ಜೋಶಿ, ಮಂಡ್ಯದ ಎಚ್.ಡಿ. ಕುಮಾರಸ್ವಾಮಿ, ತುಮಕೂರಿನ ವಿ. ಸೋಮಣ್ಣ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ ಸಚಿವರಾದರು. ಈ ಕ್ಷೇತ್ರಗಳವರು ಪುಟ ತೆರೆದು ಖಾಲಿ ಇದೆ ಅಂತ ಸಿಟ್ಟಾಗಬೇಡಿ. ಅವರನ್ನು ಅವರ ಇಲಾಖೆ ಕೊಟ್ಟ ಉತ್ತರಗಳಲ್ಲಿ ಹುಡುಕಬೇಕು. ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾದ ಮಲ್ಲಿಕಾರ್ಜುನ ಖರ್ಗೆ ಅವರೂ ಹಾಜರಿ ಹಾಕಬೇಕಿಲ್ಲ. ಚರ್ಚೆಯ ಎಣಿಕೆಯಲ್ಲಿ ಬಜೆಟ್ ಮೇಲಿನ ದೀರ್ಘ ಭಾಷಣವೂ ಒಂದು, ಶೂನ್ಯ ವೇಳೆಯಲ್ಲಿ (ತುರ್ತು ವಿಷಯ ಎತ್ತಲು ಇರುವ ಸಮಯದಲ್ಲಿ) ಎದ್ದು ನಿಂತು ಆಡಿದ ಎರಡು ನಿಮಿಷದ ಮಾತೂ ಒಂದು. ಪ್ರಶ್ನೆಗಳು ಲಾಟರಿಯಲ್ಲಿ ಆಯ್ಕೆಯಾಗುತ್ತವೆ. ಒಂದೇ ವಿಷಯ ಕೇಳಿದ ಹತ್ತು ಜನರ ಹೆಸರನ್ನು ಒಂದೇ ಪ್ರಶ್ನೆಗೆ ಸೇರಿಸಿರುತ್ತಾರೆ. ನಾನೂರು ಪ್ರಶ್ನೆ ಕೇಳಿದವರು ಇನ್ನೂರು ಕೇಳಿದವರಿಗಿಂತ ಎರಡು ಪಾಲು ಕೆಲಸ ಮಾಡಿದ್ದಾರೆ ಅಂತ ಹೇಳಲು ಆಗುವುದಿಲ್ಲ.

ಹಾಗಾದರೆ ಓದುವುದು ಹೇಗೆ? ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗವನ್ನೇ ಇಟ್ಟುಕೊಳ್ಳಿ. ಒಬ್ಬರು "ರೈಲ್ವೆ ಅಭಿವೃದ್ಧಿಗೆ ಸರ್ಕಾರ ಕೈಗೊಂಡ ಕ್ರಮಗಳೇನು" ಅಂತ ಕೇಳಬಹುದು. ಬರುವ ಉತ್ತರ ಯೋಜನೆಗಳ ಹೊಗಳಿಕೆಯ ಎರಡು ಪುಟ. ಇನ್ನೊಬ್ಬರು "ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಸ್ವಾಧೀನವಾಗಿದೆ, ಎಷ್ಟು ಬಾಕಿ ಇದೆ, ಇದುವರೆಗೆ ಖರ್ಚಾದದ್ದೆಷ್ಟು, ಮುಗಿಸುವ ಗಡುವು ಯಾವುದು" ಅಂತ ಕೇಳಬಹುದು. ಇದಕ್ಕೆ ಸಚಿವರು ಲೆಕ್ಕ ಕೊಡಲೇಬೇಕಾಗುತ್ತದೆ. ಆ ಲೆಕ್ಕವನ್ನು ಜಮೀನು ಕೊಟ್ಟ ರೈತರು ಜಿಲ್ಲಾಧಿಕಾರಿ ಕಚೇರಿಗೆ ಹಿಡಿದುಕೊಂಡು ಹೋಗಬಹುದು. ಎರಡೂ ಎಣಿಕೆಯಲ್ಲಿ ಒಂದೊಂದೇ ಪ್ರಶ್ನೆ. ನಾನು ಓದುವಾಗ ಮೂರು ವಿಷಯ ನೋಡುತ್ತೇನೆ: ನಮ್ಮ ಜಿಲ್ಲೆಯ ಹೆಸರು ಬಂದಿದೆಯಾ, ಅಂಕಿ ಕೇಳಿದ್ದಾರಾ, ಮುಂದಿನ ಅಧಿವೇಶನದಲ್ಲಿ ಅದೇ ವಿಷಯ ಮತ್ತೆ ಎತ್ತಿದ್ದಾರಾ. ಮೂರನೆಯದು ಅಪರೂಪ. ಅದನ್ನು ಮಾಡುವ ಸಂಸದರು ಯಾವ ಪಕ್ಷದವರಾದರೂ ನನಗೆ ಗೌರವ.

ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು" ಅಂತ ಬಂದರೆ ಅದು ಭರವಸೆ ಅಂತ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು. ಇದನ್ನು ಬೆನ್ನು ಹತ್ತಲು ಭರವಸೆಗಳ ಸಮಿತಿ ಅಂತಲೇ ಇದೆ. ಇಂಥ ಉತ್ತರ ಕಂಡರೆ ಗುರುತು ಹಾಕಿಟ್ಟುಕೊಳ್ಳಿ.

ಪ್ರಶ್ನೆಯಲ್ಲಿ ನಿಮ್ಮ ಕ್ಷೇತ್ರಕ್ಕೆ ಸಂಬಂಧವೇ ಇಲ್ಲದ ಯಾವುದೋ ಉದ್ಯಮದ ಸಣ್ಣ ವಿವರ ಮತ್ತೆ ಮತ್ತೆ ಬರುತ್ತಿದ್ದರೆ, ಯಾಕೆ ಅಂತ ಕೇಳುವುದು ತಪ್ಪಲ್ಲ. ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದ್ದಾರೆ.

ಭಾಷಣಗಳನ್ನು ಸಂಸದ್ ಟಿವಿಯ ಯೂಟ್ಯೂಬ್‌ನಲ್ಲಿ ನೋಡಬಹುದು. ನಮ್ಮವರು ಕನ್ನಡದಲ್ಲೇ ಮಾತಾಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ದಾರಿ ಮಾಡಿಕೊಟ್ಟರು. ಖಾಸಗಿ ಮಸೂದೆಗಳನ್ನು ಜಾಸ್ತಿ ನೆಚ್ಚಬೇಡಿ. ಇದುವರೆಗೆ ಕಾನೂನಾದದ್ದು 14 ಮಾತ್ರ, ಕೊನೆಯದು 1970ರಲ್ಲಿ. ಮಸೂದೆ, ಇಲಾಖೆಗಳ ಕೆಲಸ ಪರಿಶೀಲಿಸುವ ಸಂಸದರ ಸ್ಥಾಯಿ ಸಮಿತಿಗಳ ಸಭೆ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ. ಆದರೆ ಪ್ರತಿ ವರದಿಯ ಕೊನೆಗೆ ಸಭೆಯ ನಡಾವಳಿ ಇರುತ್ತದೆ, ಅಲ್ಲಿ ಹಾಜರಿದ್ದವರ ಹೆಸರು ಇರುತ್ತದೆ. ಕ್ಯಾಮೆರಾ ಇಲ್ಲದ ಕಡೆಯೂ ಹೋಗಿ ಕೂರುವವರು ಯಾರು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ಕಂಡಿಲ್ಲ.

ಶಾಸಕರ ವಿಷಯ ಇನ್ನೂ ಕಷ್ಟ. ನಮ್ಮ ವಿಧಾನಸಭೆಯಲ್ಲೂ ಧ್ವನಿಮತವೇ ಜಾಸ್ತಿ. 2019ರ ಜುಲೈ 23ರ ವಿಶ್ವಾಸಮತದಂಥ ಸಂದರ್ಭದಲ್ಲಿ ಸಾಲು ಸಾಲಾಗಿ ಎದ್ದು ನಿಲ್ಲಿಸಿ ಎಣಿಸುತ್ತಾರೆ. ಅಂದು 99–105ರಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. 2025ರ ಮಾರ್ಚ್ 21ರಂದು ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳ ಏರಿಸುವ ಮಸೂದೆಗಳು ಗದ್ದಲದಲ್ಲಿ ಚರ್ಚೆಯೇ ಇಲ್ಲದೆ ಪಾಸಾದವು. 18 ಬಿಜೆಪಿ ಶಾಸಕರು ಅಮಾನತಾದದ್ದೂ ಅದೇ ದಿನ. ತಮ್ಮ ಸಂಬಳವನ್ನು ತಾವೇ ಏರಿಸಿಕೊಳ್ಳುವಾಗಲಾದರೂ ಹೆಸರು ಕರೆದು ಮತ ಹಾಕಿಸಬೇಕು ಅಂತ ನನ್ನ ಅಭಿಪ್ರಾಯ. ವಿಧಾನಸಭೆಯ ಕಾರ್ಯಕಲಾಪಗಳು, ಪ್ರಶ್ನೋತ್ತರಗಳು ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತವೆ, ಅದೊಂದು ಅನುಕೂಲ. ಹಾಜರಾತಿ ಸಿಗದಿದ್ದರೆ ವಿಧಾನಸಭೆ ಸಚಿವಾಲಯದ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ಬರೀ ನೋಡುತ್ತಾ ಕೂರಬೇಕಿಲ್ಲ, ಪ್ರಶ್ನೆಯನ್ನು ನೀವೇ ಕಳಿಸಬಹುದು. ಲೋಕಸಭೆಯಲ್ಲಿ ಪ್ರಶ್ನೆಗೆ 15 ದಿನ ಮೊದಲು ನೋಟಿಸ್ ಕೊಡಬೇಕು. ಆದ್ದರಿಂದ ಅಧಿವೇಶನದ ತಾರೀಕು ಪ್ರಕಟವಾದ ತಕ್ಷಣ, ನಿಮ್ಮೂರಿನ ಸಮಸ್ಯೆಯನ್ನು ನಾಲ್ಕು ಸಾಲಿನಲ್ಲಿ ಬರೆದು ಸಂಸದರ ಕಚೇರಿಗೆ ಮೇಲ್ ಮಾಡಿ. ಅದು ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯವೇ ಆಗಿರಬೇಕು. ಯಾವ ಸಚಿವಾಲಯ, ಯಾವ ಯೋಜನೆ, ಯಾವ ಅಂಕಿ ಬೇಕು ಎನ್ನುವುದು ಸ್ಪಷ್ಟವಾಗಿರಲಿ. ಚೆನ್ನಾಗಿ ಬರೆದ ಪ್ರಶ್ನೆ ಸಿಕ್ಕರೆ ಅವರ ಸಿಬ್ಬಂದಿಗೂ ಕೆಲಸ ಹಗುರ. ನಿಮ್ಮ ಸಂಸದರು ಸಚಿವರಾಗಿದ್ದರೆ ಪಕ್ಕದ ಕ್ಷೇತ್ರದವರಿಗೋ ರಾಜ್ಯಸಭೆ ಸದಸ್ಯರಿಗೋ ಕಳಿಸಿ, ಅವರೂ ಕೇಳಬಹುದು.