ಸಸ್ಪೆನ್ಸ್ ಸಿನಿಮಾ, ಥಿಂಕ್‌ಪ್ಯಾಡ್, ಮತ್ತೆ ಅಪ್ಪನಿಗೋಸ್ಕರ ಕನ್ನಡ ಸಬ್‌ಟೈಟಲ್

ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವ ಥರದ್ದು, ಯಾವ ಕಂಪ್ಯೂಟರ್ ಬಳಸ್ತೀರಿ, ಯಾಕೆ ಅಂತ ಕೇಳಿದೀರಿ. ಸಸ್ಪೆನ್ಸ್ ಸಿನಿಮಾ, ಹಳೇ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್, ಅಷ್ಟೇ. ಆದ್ರೆ "ಯಾಕೆ" ಅಂತಾನೂ ಕೇಳಿರೋದ್ರಿಂದ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನನ್ನ ಮಟ್ಟಿಗೆ ಇವೆರಡೂ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ.

ಸಸ್ಪೆನ್ಸ್ ಅಂದ್ರೆ ನಾನು ಹೇಳ್ತಿರೋದು ದೆವ್ವದ ಸಿನಿಮಾ ಅಲ್ಲ, ಫೈಟ್ ಜಾಸ್ತಿ ಇರೋ ಸಿನಿಮಾನೂ ಅಲ್ಲ. ಒಂದು ಪ್ರಶ್ನೆ ಇರಬೇಕು, ಅದಕ್ಕೆ ಉತ್ತರ ನಮ್ಮ ಕಣ್ಣೆದುರಿಗೇ ಎಲ್ಲೋ ಬಿದ್ದಿರಬೇಕು, ಕೊನೆಗೆ ಗೊತ್ತಾದಾಗ ಅಯ್ಯೋ ಇದನ್ನ ನಾನು ನೋಡಿದ್ನಲ್ಲ ಅನ್ನಿಸಬೇಕು. ನಿರ್ದೇಶಕ ನಮ್ಮಿಂದ ಏನನ್ನೂ ಬಚ್ಚಿಡದೆ ಆಡಿ ಗೆದ್ದಾಗ ಸಿಗೋ ಖುಷಿ ಇದೆಯಲ್ಲ, ಅದು ನನಗೆ ಬೇರೆ ಯಾವ ಸಿನಿಮಾದಲ್ಲೂ ಸಿಕ್ಕಿಲ್ಲ. ಈಗ ಬರೋ ಎಷ್ಟೋ ಥ್ರಿಲ್ಲರ್‌ಗಳಲ್ಲಿ ಕೊನೆ ಹತ್ತು ನಿಮಿಷ ಫ್ಲ್ಯಾಶ್‌ಬ್ಯಾಕ್ ಹಾಕಿ ಎಲ್ಲಾನೂ ಬಿಡಿಸಿ ಬಿಡಿಸಿ ಹೇಳ್ತಾರೆ, ಅದೂ ನಮಗೆ ಮೊದಲು ತೋರಿಸದೇ ಇದ್ದ ದೃಶ್ಯಗಳನ್ನ ತೋರಿಸಿ. ಅದು ನನಗೆ ಮೋಸ ಅನ್ಸತ್ತೆ.

ಕನ್ನಡದಲ್ಲಿ ಈ ಥರದ ಸಿನಿಮಾ ಕಮ್ಮಿ ಅಂತ ತುಂಬಾ ಜನ ಹೇಳ್ತಾರೆ, ನಾನು ಒಪ್ಪಲ್ಲ. 1968ರಲ್ಲೇ ದೊರೈ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನ ಪತ್ತೇದಾರಿ ಮಾಡಿ ಜೇಡರ ಬಲೆ ತೆಗೆದ್ರು, ಅದೇ ವರ್ಷ ಗೋವಾದಲ್ಲಿ ಸಿಐಡಿ 999 ಬಂತು, ಆಮೇಲೆ ಇನ್ನೆರಡು, ಕೊನೇದು 1978ರ ಆಪರೇಷನ್ ಡೈಮಂಡ್ ರಾಕೆಟ್. ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಜನ ಕೈ ಮುಗಿದು ನೋಡ್ತಿದ್ದ ನಟ ಕೋಟು ಹಾಕಿ ಪಿಸ್ತೂಲು ಹಿಡಿದು ಬಂದದ್ದು ಸಣ್ಣ ವಿಷಯ ಅಲ್ಲ. ಆದ್ರೆ ಅವು ಸಾಹಸದ ಸಿನಿಮಾಗಳು, ನನ್ನ ಪ್ರೀತಿ ಶುರುವಾಗೋದು ಅದೇ 1978ರಲ್ಲಿ ಬಂದ ಕಾಶೀನಾಥ್ ಅವರ ಅಪರಿಚಿತ ಇಂದ. ಸುರೇಶ್ ಹೆಬ್ಳೀಕರ್, ಶೋಭಾ ಇರೋ ಸಿನಿಮಾ. ಸವಿ ನೆನಪುಗಳು ಬೇಕು ಹಾಡನ್ನ ಎಲ್ರೂ ಗುನುಗ್ತಾರೆ, ಆದ್ರೆ ಅದು ಒಂದು ಸಸ್ಪೆನ್ಸ್ ಸಿನಿಮಾದ ಹಾಡು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ನಂತರ ನಿರ್ದೇಶಕ ಸುನಿಲ್ ಕುಮಾರ್ ದೇಸಾಯಿ. 1989ರಲ್ಲಿ ತರ್ಕ, ಅವರ ಮೊದಲನೇ ಸಿನಿಮಾ, ಶಂಕರ್ ನಾಗ್, ದೇವರಾಜ್, ವನಿತಾ ವಾಸು, ಒಂದೇ ಒಂದು ಹಾಡಿಲ್ಲ. ಆ ಕಾಲದಲ್ಲಿ ಕ್ಯಾಸೆಟ್ ಮಾರಾಟದ ಮೇಲೆ ಸಿನಿಮಾ ಓಡ್ತಿತ್ತು, ಹಾಡು ಇಲ್ಲ ಅಂದ್ರೆ ಮಾತಾಡೋಕೂ ಯಾರೂ ಕೂರ್ತಿರಲಿಲ್ಲ, ಅಂಥಾದ್ರಲ್ಲಿ ಮೊದಲನೇ ಪ್ರಯತ್ನಕ್ಕೇ ಹಾಡು ಬೇಡ ಅಂದ ಧೈರ್ಯ ನೋಡಿ. ಹಾಡು ಇಲ್ಲದ್ದಕ್ಕೇ ಅದರ ಬಿಗಿ ಉಳಿದಿದೆ ಅಂತ ನನ್ನ ಅಭಿಪ್ರಾಯ, ಉಸಿರು ಬಿಡೋಕೆ ಜಾಗಾನೇ ಕೊಡಲ್ಲ. 1990ರಲ್ಲಿ ಉತ್ಕರ್ಷ, 1993ರಲ್ಲಿ ನಿಷ್ಕರ್ಷ. ನಿಷ್ಕರ್ಷದಲ್ಲಿ ಬ್ಯಾಂಕಿಗೆ ನುಗ್ಗಿದ ದರೋಡೆಕೋರರು, ಒಳಗೆ ಸಿಕ್ಕಿಹಾಕಿಕೊಂಡ ಜನ, ವಿಷ್ಣುವರ್ಧನ್, ಹೊರಗಡೆ ಪೊಲೀಸ್ ಅಧಿಕಾರಿಯಾಗಿ ಅನಂತ್ ನಾಗ್, ಖಳನಾಗಿ ಬಿ.ಸಿ. ಪಾಟೀಲ್. ಹೆಚ್ಚುಕಮ್ಮಿ ಇಡೀ ಸಿನಿಮಾ ಒಂದೇ ಕಟ್ಟಡದ ಸುತ್ತ ನಡೆಯತ್ತೆ, ಆದ್ರೂ ಯಾರು ಎಲ್ಲಿದ್ದಾರೆ ಅಂತ ನಮಗೆ ಗೊಂದಲ ಆಗಲ್ಲ. ಎಡಿಟಿಂಗ್ ಕಲೀಬೇಕು ಅನ್ನೋರು ಅದನ್ನ ನೋಡಬೇಕು.

ಈಚೆಗಿನದ್ರಲ್ಲಿ 2016ರ ಯು ಟರ್ನ್ ಮತ್ತೆ 2019ರ ಕವಲುದಾರಿ. ಬೆಂಗಳೂರಿನ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಬೈಕ್ ತಿರುಗಿಸೋರನ್ನ ನಾವೆಲ್ಲ ನೋಡಿದೀವಿ, ಅದರಿಂದ ಒಂದು ಕಥೆ ಹುಟ್ಟತ್ತೆ ಅಂತ ಪವನ್ ಕುಮಾರ್ ಅವರಿಗೆ ಹೊಳೀತಲ್ಲ, ಅದು ನಮ್ಮೂರಿನ ಸಸ್ಪೆನ್ಸ್. ಕವಲುದಾರೀಲೂ ಅಷ್ಟೇ, ಮೆಟ್ರೋ ಕೆಲಸಕ್ಕೆ ಅಗೀತಾ ಇರುವಾಗ ಮೂಳೆ ಸಿಗತ್ತೆ, ಒಬ್ಬ ಟ್ರಾಫಿಕ್ ಸಬ್ ಇನ್ಸ್‌ಪೆಕ್ಟರ್ ಅದರ ಹಿಂದೆ ಬೀಳ್ತಾನೆ, ಅದು ಅವನ ಕೆಲಸ ಅಲ್ಲವೇ ಅಲ್ಲ, ಆದ್ರೂ ಬಿಡಲ್ಲ. ರಿಟೈರ್ ಆದ ಅಧಿಕಾರಿ ಪಾತ್ರದಲ್ಲಿ ಅನಂತ್ ನಾಗ್ ಸುಮ್ಮನೆ ಕೂತಿದ್ರೂ ನೋಡ್ತಾ ಇರಬಹುದು.

ಇನ್ನು ಕಂಪ್ಯೂಟರ್. ಇಲ್ಲಿ ನಮ್ಮಪ್ಪನ ವಿಷಯ ಹೇಳ್ಬೇಕು. ನನಗೆ ಈ ಹುಚ್ಚು ಹಿಡಿಸಿದ್ದೇ ಅವರು, ಈಗ ಅವರಿಗೆ ಕಿವಿ ತುಂಬಾ ಮಂದವಾಗಿದೆ, ಹಿಯರಿಂಗ್ ಏಡ್ ಹಾಕಿದ್ರೂ ಟಿವಿ ಮಾತು ಸ್ಪಷ್ಟ ಆಗಲ್ಲ. ಬೇರೆ ಸಿನಿಮಾ ಆದ್ರೆ ಮುಖ ನೋಡಿ ಅಂದಾಜು ಮಾಡಬಹುದು, ಸಸ್ಪೆನ್ಸ್‌ನಲ್ಲಿ ಒಂದು ಮಾತು ತಪ್ಪಿದ್ರೆ ಇಡೀ ಕಥೆ ಕೈ ತಪ್ಪತ್ತೆ. ಇಂಗ್ಲಿಷ್ ಸಬ್‌ಟೈಟಲ್ ಕೆಲವಕ್ಕೆ ಸಿಗತ್ತೆ, ಅವರು ಅದನ್ನ ಅಷ್ಟು ಬೇಗ ಓದಲಾರರು. ಕನ್ನಡ ಸಿನಿಮಾಗೆ ಕನ್ನಡ ಸಬ್‌ಟೈಟಲ್ ಹುಡುಕಿದ್ರೆ ಹೆಚ್ಚಿನವಕ್ಕೆ ಇಲ್ಲವೇ ಇಲ್ಲ. ಕೇಳಿಸದೇ ಇರೋ ಕನ್ನಡಿಗರೂ ಇದ್ದಾರೆ ಅನ್ನೋದು ಯಾರಿಗೂ ನೆನಪಾಗೋದೇ ಇಲ್ಲ ಅನ್ಸತ್ತೆ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಹಂಗಾಗಿ ಮನೇಲಿ ನೋಡೋಕೆ ಅಂತ ನಾನೇ ಟೈಪ್ ಮಾಡೋಕೆ ಶುರು ಮಾಡಿದೆ.

ಕೆಲಸ ತುಂಬಾ ಇದೆ ಇದರಲ್ಲಿ. ಮಾತು ಬರೆದ್ರೆ ಸಾಲಲ್ಲ, ಶಬ್ದಾನೂ ಬರೀಬೇಕು, ಬಾಗಿಲು ಕಿರುಗುಟ್ಟಿದ್ದು, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಮಳೆ ನಿಂತಿದ್ದು, ಯಾಕಂದ್ರೆ ಅರ್ಧ ಸಸ್ಪೆನ್ಸ್ ಕಿವಿಯಲ್ಲೇ ಇರತ್ತೆ. ಅಕ್ಷರ ಅರ್ಧ ಸೆಕೆಂಡ್ ಮುಂಚೆ ಬಂದ್ರೂ ಗುಟ್ಟು ರಟ್ಟಾಗತ್ತೆ, ಪಾತ್ರ ತಿರುಗಿ ನೋಡೋಕೆ ಮುಂಚೆಯೇ ಕೆಳಗಡೆ "ನೀನಾ?" ಅಂತ ಕಾಣಿಸಿದ್ರೆ ಆ ದೃಶ್ಯ ಸತ್ತಂಗೆ. ತಡವಾದ್ರೆ ಅಪ್ಪನಿಗೆ ಯಾರು ಮಾತಾಡಿದ್ರು ಅಂತ ಗೊತ್ತಾಗಲ್ಲ. ಎಲ್ಲಕ್ಕಿಂತ ಕಷ್ಟ ಆಗಿದ್ದು ದೇಸಾಯಿ ಅವರದೇ 1995ರ ಬೆಳದಿಂಗಳ ಬಾಲೆ, ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿಯಿಂದ ಬಂದದ್ದು. ಅನಂತ್ ನಾಗ್ ಚೆಸ್ ಆಟಗಾರ, ಅವನಿಗೆ ಒಬ್ಬಳು ಫೋನ್ ಮಾಡ್ತಾಳೆ, ನನ್ನನ್ನ ಹುಡುಕು ಅಂತಾಳೆ. ಅವಳು ನಮಗೆ ಬರೀ ಧ್ವನಿ. ಕೊಲೆ ಇಲ್ಲ, ರಕ್ತ ಇಲ್ಲ, ಒಂದು ಧ್ವನಿಯ ಹಿಂದೆ ಹೋಗೋದೇ ಕಥೆ, ನನ್ನ ಪ್ರಕಾರ ಕನ್ನಡದ ಅತ್ಯುತ್ತಮ ಸಸ್ಪೆನ್ಸ್ ಸಿನಿಮಾ ಇದೇ. ಈಗ ಯೋಚನೆ ಮಾಡಿ, ಆ ಧ್ವನಿಯೇ ಕೇಳಿಸದೇ ಇರೋರಿಗೆ ಅವಳನ್ನ ಹೆಂಗೆ ತಲುಪಿಸೋದು? ನಾನು ಅವಳ ಮಾತನ್ನೆಲ್ಲ ಬೇರೆ ಬಣ್ಣದಲ್ಲಿ ಹಾಕಿದೆ, ನಕ್ಕಿದ್ದು, ಸುಮ್ಮನಾಗಿದ್ದು, ಫೋನ್ ಇಟ್ಟಿದ್ದು ಎಲ್ಲಾನೂ ಬರೆದೆ. ಮೊದಲನೇ ಫೋನ್‌ಕಾಲ್ ಆದ್ಮೇಲೆ ಅಪ್ಪ ಆ ಬಣ್ಣ ಬರೋದನ್ನೇ ಕಾಯ್ತಾ ಕೂತಿದ್ರು.

ಈ ಕೆಲಸಕ್ಕೆ ನನ್ನ ಹತ್ರ ಇರೋದು ಥಿಂಕ್‌ಪ್ಯಾಡ್ ಟಿ480, ಸೆಕೆಂಡ್ ಹ್ಯಾಂಡ್, ಬೆಂಗಳೂರಿನ ಎಸ್.ಪಿ. ರೋಡಲ್ಲಿ ತಗೊಂಡಿದ್ದು. ಥಿಂಕ್‌ಪ್ಯಾಡ್ ಅನ್ನೋ ಹೆಸರಲ್ಲಿ ಐಬಿಎಂ ಲ್ಯಾಪ್‌ಟಾಪ್ ಮಾಡೋಕೆ ಶುರು ಮಾಡಿದ್ದು 1992ರಲ್ಲಿ, 2005ರಲ್ಲಿ ಅದು ಲೆನೊವೊ ಕೈಗೆ ಹೋಯ್ತು, ಆದ್ರೆ ಡಿಸೈನರ್ ರಿಚರ್ಡ್ ಸ್ಯಾಪರ್ ಅವತ್ತು ಕೊಟ್ಟ ಆ ಕಪ್ಪು ಚೌಕಾಕಾರ, ಕೀಬೋರ್ಡ್ ಮಧ್ಯದ ಕೆಂಪು ಬೊಟ್ಟು ಎರಡೂ ಹಂಗೇ ಉಳಿದಿವೆ. ಕೆಂಪು ಬೊಟ್ಟನ್ನ ಜನ ಅಲಂಕಾರ ಅಂದ್ಕೋತಾರೆ. ಜಿ, ಹೆಚ್, ಬಿ ಕೀಗಳ ನಡುವೆ ಇರೋ ಅದನ್ನ ಬೆರಳಲ್ಲಿ ಒತ್ತಿ ತಳ್ಳಿದ್ರೆ ಕರ್ಸರ್ ಓಡತ್ತೆ, ಟೈಪ್ ಮಾಡೋ ಕೈ ಎತ್ತೋ ಹಾಗೇ ಇಲ್ಲ. ದಿನಕ್ಕೆ ನೂರಾರು ಸಾಲು ಹೊಡೆಯೋರಿಗೆ ಅದರ ಬೆಲೆ ಗೊತ್ತಾಗತ್ತೆ.

ಟಿ480 2018ರ ಮಾಡೆಲ್. ಅದನ್ನೇ ಹುಡುಕಿ ತಗೊಳ್ಳೋಕೆ ಮುಖ್ಯ ಕಾರಣ ಬ್ಯಾಟರಿ. ಒಳಗೊಂದು, ಹಿಂದುಗಡೆ ತೆಗೆದು ಹಾಕೋ ಇನ್ನೊಂದು, ಲ್ಯಾಪ್‌ಟಾಪ್ ಓಡ್ತಾ ಇರುವಾಗಲೇ ಹಿಂದಿನದನ್ನ ಕಿತ್ತು ಚಾರ್ಜ್ ಆಗಿರೋ ಬೇರೆದನ್ನ ಹಾಕಬಹುದು, ಒಳಗಿನದು ಅಷ್ಟೊತ್ತು ನೋಡ್ಕೊಳ್ಳತ್ತೆ. ನಮ್ಮ ಮನೆ ಮಲೆನಾಡಿನ ಸಾಗರದ ಕಡೆ, ಜುಲೈ ತಿಂಗಳಲ್ಲಿ ಕರೆಂಟ್ ಹೋದ್ರೆ ಯಾವಾಗ ಬರತ್ತೆ ಅಂತ ಹೇಳೋಕಾಗಲ್ಲ, 72 ವ್ಯಾಟ್ ಅವರ್‌ನ ದೊಡ್ಡ ಬ್ಯಾಟರಿ ಇದ್ರೆ ಒಂದು ಸಿನಿಮಾ ಪೂರ್ತಿ ನೋಡಿ ಇನ್ನೂ ಮಿಕ್ಕತ್ತೆ. ಮರುವರ್ಷ ಬಂದ ಟಿ490ರಲ್ಲಿ ಈ ಎರಡು ಬ್ಯಾಟರಿ ಪದ್ಧತಿನೇ ತೆಗೆದುಬಿಟ್ರು, ಒಂದು ರ‍್ಯಾಮ್ (ಮೆಮೊರಿ) ಅನ್ನ ಬೋರ್ಡಿಗೇ ಬೆಸೆದ್ರು. ತೆಳ್ಳಗಾಯ್ತು, ನಿಜ, ಆದ್ರೆ ನನಗೆ ತೆಳ್ಳಗಿರೋದು ಬೇಕಾಗಿರಲಿಲ್ಲ.

ಇನ್ನೊಂದು, ಇದನ್ನ ಬಿಚ್ಚಬಹುದು. ಸ್ಕ್ರೂಡ್ರೈವರ್ ಒಂದು ಇದ್ರೆ ಸಾಕು, ಕೆಳಗಿನ ಮುಚ್ಚಳ ತೆಗೆದ್ರೆ ರ‍್ಯಾಮ್, ಎಸ್‌ಎಸ್‌ಡಿ (ಫೈಲ್‌ಗಳು ಇರೋ ಡ್ರೈವ್), ಫ್ಯಾನ್ ಎಲ್ಲಾ ಕಣ್ಣಿಗೆ ಕಾಣತ್ತೆ. ಯಾವ ಸ್ಕ್ರೂ ಎಲ್ಲಿದೆ, ಯಾವುದಾದ್ಮೇಲೆ ಯಾವುದು ಬಿಚ್ಚಬೇಕು ಅಂತ ಚಿತ್ರ ಸಮೇತ ಇರೋ ಮ್ಯಾನುಯಲ್ ಅನ್ನ ಕಂಪನಿಯೇ ಎಲ್ಲರಿಗೂ ಕೊಡತ್ತೆ. ನಾನು ರ‍್ಯಾಮ್ ಹೆಚ್ಚಿಸಿದೆ, ಎಸ್‌ಎಸ್‌ಡಿ ಬದಲಾಯಿಸಿದೆ, ಸ್ಕ್ರೀನ್ ಕೂಡ ಬದಲಾಯಿಸಿದೆ. ನನ್ನ ವಸ್ತು ಅಂದ್ಮೇಲೆ ಅದರ ಒಳಗೆ ಕೈ ಹಾಕೋ ಹಕ್ಕು ನನಗಿರಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ.

ಸಾಫ್ಟ್‌ವೇರ್ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೀನಿ, ಸಿನಿಮಾ ನೋಡೋಕೆ ಎಂಪಿವಿ ಅನ್ನೋ ಪ್ಲೇಯರ್. ಅದರಲ್ಲಿ ಫುಲ್‌ಸ್ಟಾಪ್ ಕೀ ಒತ್ತಿದ್ರೆ ಒಂದು ಫ್ರೇಮ್ ಮುಂದೆ, ಕಾಮಾ ಒತ್ತಿದ್ರೆ ಒಂದು ಫ್ರೇಮ್ ಹಿಂದೆ, ಎಲ್ ಒತ್ತಿ ಒಂದು ತುಣುಕನ್ನ ಮತ್ತೆ ಮತ್ತೆ ಓಡಿಸಬಹುದು, ಅಸ್ಪಷ್ಟ ಮಾತು ಹಿಡಿಯೋಕೆ ಇದಕ್ಕಿಂತ ಒಳ್ಳೇದು ಇಲ್ಲ. ಒತ್ತಕ್ಷರಗಳೂ ಅದರಲ್ಲಿ ಸರಿಯಾಗಿ ಕೂರತ್ತೆ. ಟೈಪಿಂಗಿಗೆ ಐಬಸ್ ಜೊತೆ ಎಂ17ಎನ್ (ಎರಡೂ ಲಿನಕ್ಸಲ್ಲಿ ಕನ್ನಡ ಟೈಪ್ ಮಾಡೋಕೆ ಬೇಕಾದ ಸಾಫ್ಟ್‌ವೇರ್) ಹಾಕ್ಕೊಂಡು ಕೆಜಿಪಿ ಅನ್ನೋ ಕೀಬೋರ್ಡ್ ಲೇಔಟ್ ಆರಿಸ್ಕೊಂಡ್ರೆ ಆಯ್ತು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ಅಭ್ಯಾಸ ಇರೋರಿಗೆ ಅದೇ ವಿನ್ಯಾಸ, ಕೆ.ಪಿ. ರಾವ್ ಅವರು ರೂಪಿಸಿದ್ದು, ಎಫ್ ಕೀ ಒತ್ತಿದ್ರೆ ಒತ್ತಕ್ಷರ ಬರತ್ತೆ. ನಾನು ಕನ್ನಡದಲ್ಲಿ ಇಷ್ಟು ವೇಗವಾಗಿ ಬರೆಯೋದು ಆ ಮಹಾನುಭಾವರ ದಯೆಯಿಂದ. ಫೈಲ್ ಮಾತ್ರ ಎಲ್ಲ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡ್‌ನಲ್ಲೇ, ಯುಟಿಎಫ್-8 ಅಂತ ಆರಿಸಿಯೇ ಸೇವ್ ಮಾಡಿ, ಹಳೇ ನುಡಿ ಫಾಂಟಲ್ಲಿ ಹೊಡೆದದ್ದು ಪ್ಲೇಯರ್‌ನಲ್ಲಿ ಬರೀ ಇಂಗ್ಲಿಷ್ ಗೊಂಚಲಾಗಿ ಕಾಣತ್ತೆ.

ನೀವೂ ಇಂಥದ್ದು ತಗೊಳ್ಳೋ ಯೋಚನೆ ಇದ್ರೆ ಅಂಗಡೀಲಿ ಎರಡು ವಿಷಯ ನೋಡಿ. ಸ್ಕ್ರೀನ್ ಫುಲ್ ಎಚ್‌ಡಿ ಐಪಿಎಸ್ ಇದೆಯಾ ಅಂತ ಕೇಳಿ, ಎಷ್ಟೋ ಟಿ480 ಬರೀ ಕಮ್ಮಿ ದರ್ಜೆಯ 1366x768 ಪ್ಯಾನಲ್‌ನಲ್ಲಿ ಬಂದಿವೆ, ಸಿನಿಮಾದ ಕತ್ತಲೆ ದೃಶ್ಯಗಳು ಅದರಲ್ಲಿ ಬೂದಿ ಬಳಿದಂಗೆ ಕಾಣ್ತವೆ, ಸಸ್ಪೆನ್ಸ್ ಸಿನಿಮಾಗೆ ಅದು ಬೇಡವೇ ಬೇಡ. ಎರಡೂ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯತ್ತೆ ಅಂತ ಅಲ್ಲೇ ಆನ್ ಮಾಡಿಸಿ ನೋಡಿ. ಸಿನಿಮಾ ವಿಷಯಕ್ಕೆ ತರ್ಕದಿಂದ ಶುರು ಮಾಡಿ, ಆಮೇಲೆ ಬೆಳದಿಂಗಳ ಬಾಲೆ, ಕಥೆ ಏನು ಅಂತ ಎಲ್ಲೂ ಓದೋಕೆ ಹೋಗ್ಬೇಡಿ. ಮನೇಲಿ ಕಿವಿ ಕೇಳಿಸದ ಹಿರಿಯರು ಇದ್ದು ಅವರಿಗೂ ಸಬ್‌ಟೈಟಲ್ ಮಾಡೋ ಆಸೆ ಇದ್ರೆ ಕಾಮೆಂಟಲ್ಲಿ ಕೇಳಿ, ಟೈಮಿಂಗ್ ಹೆಂಗೆ ಕೂರಿಸೋದು, ಬಣ್ಣ ಹೆಂಗೆ ಹಾಕೋದು ಎಲ್ಲಾ ವಿವರವಾಗಿ ಹೇಳ್ತೀನಿ.