ಹಳೆ ಯೆಜ್ಡಿಯನ್ನು ಟ್ರಯಲ್ಸ್ ಬೈಕ್ ಮಾಡಬಹುದೇ? ಧಾರವಾಡದ ಸುತ್ತ ಎಲ್ಲಿ ಓಡಿಸಬೇಕು?

ದಯವಿಟ್ಟು ಮಾಡಬೇಡಿ. ಟ್ರಯಲ್ಸ್ ಎಂಬ ಬೈಕ್ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಹಳ್ಳಗಳನ್ನು ಕಾಲೂರದೆ ದಾಟಬೇಕು. ಅದಕ್ಕೆಂದೇ ಮಾಡಿದ, ಹಿಂದೆ ಜೋಡಿ ಶಾಕ್ ಅಬ್ಸಾರ್ಬರ್ ಇದ್ದ ಬುಲ್ಟಾಕೊ ಶೆರ್ಪಾದಂಥ ಗಾಡಿಗಳು 100 ಕೆಜಿಯೊಳಗೇ ಇರುತ್ತಿದ್ದವು. ಯೆಜ್ಡಿ ಬಹಳ ಭಾರ. ಮೈಸೂರಿನ ಕಾರ್ಖಾನೆ 1996ರಲ್ಲೇ ನಿಂತಿತು, ಹಗುರ ಮಾಡಲೆಂದು ಚಾಸಿ ಕತ್ತರಿಸಿದರೆ ಬೇರೆಯದು ಸಿಗುವುದು ಕಷ್ಟ.

ಇದ್ದಂತೆಯೇ ಸರಿಮಾಡಿಸಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಗೇರ್ ಆಯಿಲ್ ಇಳಿಯುತ್ತಿದ್ದರೆ ಕ್ರ್ಯಾಂಕ್‌ನ ಕ್ಲಚ್ ಬದಿಯಲ್ಲಿ ಆ ಆಯಿಲ್ ಎಂಜಿನ್ ಒಳಗೆ ಬರದಂತೆ ತಡೆಯುವ ಆಯಿಲ್ ಸೀಲ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಎಂಜಿನ್ ಬಿಚ್ಚಿದಾಗಲೇ ಬೇರಿಂಗ್ ಕೂಡ ಬದಲಿಸಿ, ಎರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಓಡಿಸಲು ಕಪ್ಪತಗುಡ್ಡ ಬೇಡ, ಅದು ವನ್ಯಜೀವಿ ಧಾಮ. ಸ್ವಂತ ಹೊಲದ ದಾರಿ ಸಾಕು. ಮಳೆಯಾದಾಗ ಮಾತ್ರ ಕಪ್ಪು ಮಣ್ಣಿನ ಎರೆಹೊಲಕ್ಕೆ ಇಳಿಸಬೇಡಿ: ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿಯೇ ತಿರುಗುವುದಿಲ್ಲ.