ಗಂಡನ ತೋಟ ಇಲ್ಲಿ, ನನ್ನ ಕೆಲಸ ಜರ್ಮನಿಯಲ್ಲಿ: ಏನು ಮಾಡಲಿ?

ಪ್ರಶ್ನೆ: ನನಗೆ 31 ವರ್ಷ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ 8 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಸಂಬಳ 22 ಸಾವಿರ. ಗಂಡ, ಅತ್ತೆ, ಮಾವ, 6 ವರ್ಷದ ಮಗಳು ತೀರ್ಥಹಳ್ಳಿ ಹತ್ತಿರದ ಊರಲ್ಲಿದ್ದಾರೆ, ನಾನು ಪಿ.ಜಿ.ಯಲ್ಲಿದ್ದು ವಾರದ ರಜೆಗೆ ಊರಿಗೆ ಹೋಗುತ್ತೇನೆ. ಎರಡು ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕೆ ಇಳಿದಿದೆ, ಸಾಲವೂ ಇದೆ. ಒಂದು ಏಜೆನ್ಸಿಯವರು ಜರ್ಮನಿಗೆ ಕಳಿಸುತ್ತೇವೆ ಎಂದು 3.5 ಲಕ್ಷ ಕೇಳಿದ್ದಾರೆ, ಮಾರ್ಕ್ಸ್ ಕಾರ್ಡ್ ಒರಿಜಿನಲ್ಲೆಲ್ಲ ಅವರ ಹತ್ತಿರವೇ ಇದೆ. ಅತ್ತೆಗೆ ಇಷ್ಟವಿಲ್ಲ. ಗಂಡ ‘ನಿಂಗೆ ಬಿಟ್ಟಿದ್ದು’ ಅಂತಾರೆ. ಹೋಗಲಾ, ಇಲ್ಲೇ ಇರಲಾ?

ಉತ್ತರ: ಮೊದಲು ಆ ಒರಿಜಿನಲ್‌ಗಳನ್ನು ವಾಪಸ್ ತನ್ನಿ. ಹೋಗೋದು ಬಿಡೋದು ಆಮೇಲೆ ನೋಡೋಣ. ಅರ್ಜಿಗೆ ಬೇಕಾಗೋದು ದೃಢೀಕರಿಸಿದ ಪ್ರತಿ ಮತ್ತು ಅದರ ಜರ್ಮನ್ ಅನುವಾದ. ಒರಿಜಿನಲ್ ಇಟ್ಟುಕೊಳ್ಳುವುದು ನೀವು ಬೇರೆ ಕಡೆ ಹೋಗದ ಹಾಗೆ ಕಟ್ಟಿ ಹಾಕುವುದಕ್ಕೆ, ಬೇರೇನಕ್ಕೂ ಅಲ್ಲ. ಇನ್ನು 3.5 ಲಕ್ಷ. ನಮ್ಮ ದೇಶದಲ್ಲಿ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ ಜಾಸ್ತಿ ಅಂದ್ರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಲೈಸೆನ್ಸ್ ಇದೆಯಾ ಇಲ್ಲವಾ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ನೋಡಬಹುದು. ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ಎಷ್ಟಿದೆ ಅಂದರೆ, ಕೇರಳದವರು ತಮ್ಮ ರಾಜ್ಯ ಸರ್ಕಾರದ ನೋರ್ಕಾ ಸಂಸ್ಥೆ ಮೂಲಕ ಹೋಗುವ ಜರ್ಮನ್ ಸರ್ಕಾರಿ ಯೋಜನೆ ‘ಟ್ರಿಪಲ್ ವಿನ್’ನಲ್ಲಿ ನರ್ಸ್‌ಗಳ ಹತ್ತಿರ ಫೀಸೇ ತಗೊಳ್ಳುವುದಿಲ್ಲ, ಖರ್ಚು ಕೆಲಸ ಕೊಡುವ ಆಸ್ಪತ್ರೆಯದ್ದು. ಹಾಗಿರುವಾಗ ಸಾಲದ ಮೇಲೆ ಸಾಲ ಮಾಡಿ, ಒಡವೆ ಅಡವಿಟ್ಟು ಹೋಗಬೇಡಿ.

ಈಗ ನಿಮ್ಮ ಪ್ರಶ್ನೆ. ನಾನೂ ಆರು ವರ್ಷ ಅಲ್ಲಿ ನರ್ಸ್ ಆಗಿದ್ದು ವಾಪಸ್ ಬಂದವಳು, ಹಾಗಾಗಿ ಏಜೆನ್ಸಿಯವರು ಹೇಳದ್ದನ್ನು ಹೇಳುತ್ತೇನೆ. ಇಲ್ಲಿ ನೀವು ಐ.ವಿ. ಹಾಕುತ್ತೀರಿ, ರಕ್ತ ತೆಗೆಯುತ್ತೀರಿ, ಡಾಕ್ಟರ ಜೊತೆ ರೌಂಡ್ಸ್ ಹೋಗುತ್ತೀರಿ. ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು ಮನೆಯವರ ಕೆಲಸ. ಅಲ್ಲಿ ಅದೆಲ್ಲ ನರ್ಸ್ ಕೆಲಸ. ಬೆಳಗಿನ ಶಿಫ್ಟ್‌ನ ಮೊದಲ ಎರಡು ತಾಸು ಪೂರ್ತಿ ಅದೇ: ಎಬ್ಬಿಸು, ತೊಳೆ, ಡೈಪರ್ ಬದಲಿಸು, ತಿಂಡಿ ತಿನ್ನಿಸು. ತುಂಬಾ ಜನ ನಮ್ಮ ಹುಡುಗಿಯರು ‘ಓದಿದ್ದು ಇದಕ್ಕಾ’ ಅಂತ ಅತ್ತಿದ್ದಾರೆ, ನಾನೂ ಅತ್ತಿದ್ದೇನೆ. ಆಮೇಲೆ ಭಾಷೆ. ಜರ್ಮನ್ ಭಾಷೆಯ ಮಧ್ಯಮ ಮಟ್ಟದ ಪರೀಕ್ಷೆ ಬಿ1 ಪಾಸಾಗಿ ಹೋಗಿದ್ದರೂ ವಾರ್ಡಿನ ಫೋನ್ ರಿಂಗ್ ಆದರೆ ಕೈ ತಣ್ಣಗಾಗುತ್ತಿತ್ತು. ಎದುರಿಗಿದ್ದವರ ಮುಖ ನೋಡಿ ಹೇಗೋ ಅರ್ಥ ಮಾಡ್ಕೊಬಹುದು, ಫೋನಿನಲ್ಲಿ ಮುಖ ಎಲ್ಲಿರುತ್ತೆ? ಮೂರು ತಿಂಗಳು ಫೋನ್ ಇರುವ ಕಡೆ ನಿಲ್ಲದ ಹಾಗೆ ಕೆಲಸ ಹುಡುಕಿಕೊಂಡು ಓಡಾಡಿದ್ದೆ. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಭಾಷೆ ಗಟ್ಟಿ ಮಾಡಿಕೊಂಡು ಹೋದವರು ಬೇಗ ನೆಲೆ ನಿಂತದ್ದನ್ನೂ ನೋಡಿದ್ದೇನೆ.

ನಿಮ್ಮ ಡಿಗ್ರಿಗೆ ಅಲ್ಲಿ ಮಾನ್ಯತೆ ಸಿಗುವವರೆಗೆ ನೀವು ಪೂರ್ಣ ನರ್ಸ್ ಅಲ್ಲ, ಸಹಾಯಕಿ. ಮಾನ್ಯತೆಗೆ ಸಾಮಾನ್ಯವಾಗಿ ಬಿ1ಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ2 ಮಟ್ಟದ ಭಾಷೆ ಬೇಕು, ಜೊತೆಗೆ ಒಂದು ಪರೀಕ್ಷೆ ಅಥವಾ ತರಬೇತಿ. ವೃದ್ಧರ ಆರೈಕೆ ಕೇಂದ್ರಗಳಲ್ಲಿ 2025ರ ಜುಲೈನಲ್ಲಿ ಸಹಾಯಕರಿಗೆ ಕನಿಷ್ಠ ಗಂಟೆಗೆ 16.10 ಯೂರೋ, ನರ್ಸ್‌ಗೆ 20.50 ಇತ್ತು. ಕೇಳಕ್ಕೆ ದೊಡ್ಡದಾಗಿದೆ, ಆದರೆ ತೆರಿಗೆ, ವಿಮೆ, ಪಿಂಚಣಿ ಎಲ್ಲ ಕಡಿದು ಕೈಗೆ ಬರುವುದು ಮೂರರಲ್ಲಿ ಎರಡು ಪಾಲಿನ ಆಸುಪಾಸು. ಮದುವೆಯಾದವರಿಗೆ ಸಿಗುವ ತೆರಿಗೆ ರಿಯಾಯಿತಿಯೂ ಗಂಡ ಊರಲ್ಲೇ ಇದ್ದರೆ ಸಿಗಲ್ಲ. ಮಕ್ಕಳಿಗೆ ಅಂತ ಸರ್ಕಾರ ಕೊಡುವ ಹಣವೂ ಅಷ್ಟೇ, ಮಗಳು ತೀರ್ಥಹಳ್ಳಿಯಲ್ಲಿದ್ದರೆ ಬರುವುದಿಲ್ಲ. ಬಾಡಿಗೆ ಕಳೆದು ಉಳಿದದ್ದರಲ್ಲಿ ಸಾಲ ತೀರುತ್ತೆ, ತೀರಲ್ಲ ಅಂತ ನಾನು ಹೇಳಲ್ಲ. ಆದರೆ ಮೊದಲ ವರ್ಷವೇ ತೀರುತ್ತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಯೋಚನೆಗೆ ಹಚ್ಚಿದ್ದು ಮಗಳ ವಯಸ್ಸು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿದ ಮೇಲೆ ಮಕ್ಕಳನ್ನು ಬೇರೆ ಬೇರೆ ಥರದ ಶಾಲೆಗೆ ಹಂಚುತ್ತಾರೆ, ಕಾಲೇಜಿಗೆ ನೇರ ದಾರಿ ಗಿಮ್ನಾಜಿಯಂ ಎನ್ನುವ ಶಾಲೆಯಿಂದ. ನೀವು ಭಾಷೆ ಕಲಿತು, ವೀಸಾ ಆಗಿ, ಮಾನ್ಯತೆ ಪಡೆದು ಮಗಳನ್ನು ಕರೆಸಿಕೊಳ್ಳುವ ಹೊತ್ತಿಗೆ ಅವಳಿಗೆ ಒಂಬತ್ತೋ ಹತ್ತೋ ಆಗಿರುತ್ತದೆ, ಅಂದರೆ ಭಾಷೆಯೇ ಬಾರದೆ ಸರಿಯಾಗಿ ಆ ಜರಡಿಗೇ ಹೋಗಿ ಬೀಳುತ್ತಾಳೆ. ಆಮೇಲೆ ಶಾಲೆ ಬದಲಿಸೋಕೆ ಅವಕಾಶ ಇದೆ, ಆದರೆ ಮಗುವಿಗೆ ಕಷ್ಟ. ಹಾಗಾಗಿ ‘ಹೋಗ್ತೀನಿ, ಮುಂದೆ ನೋಡೋಣ’ ಅನ್ನುವುದು ಬೇಡ. ಮಗಳು ಬರುತ್ತಾಳೋ ಇಲ್ಲವೋ ಈಗಲೇ ತೀರ್ಮಾನವಾಗಲಿ. ಬರುವುದಾದರೆ ಇವತ್ತಿಂದಲೇ ನಿಮ್ಮ ಜೊತೆ ಅವಳೂ ಜರ್ಮನ್ ಕಲಿಯಲಿ. ಬರುವುದಿಲ್ಲ ಅಂದರೆ ನಿಮ್ಮ ಪ್ರಯಾಣಕ್ಕೆ ಮೂರೋ ನಾಲ್ಕೋ ವರ್ಷದ ಗಡಿ ಹಾಕಿಕೊಳ್ಳಿ. ಈಗಲೂ ವಾರದಲ್ಲಿ ಆರು ದಿನ ಅವಳಿಂದ ದೂರ ಇದ್ದೀರಿ, ಆ ಸಂಕಟ ನಿಮಗೆ ಹೊಸದಲ್ಲ, ಗೊತ್ತು. ಆದರೂ ಜ್ವರ ಬಂದರೆ ರಾತ್ರಿ ಬಸ್ ಹತ್ತಬಹುದು ಅನ್ನೋ ಧೈರ್ಯ ಈಗ ಇದೆ ಅಲ್ವಾ.

ಗಂಡನ ‘ನಿಂಗೆ ಬಿಟ್ಟಿದ್ದು’ ಒಪ್ಪಿಗೆಯಲ್ಲ. ಅವರು ಅಲ್ಲಿಗೆ ಬರುತ್ತಾರಾ? ಬಂದರೆ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವವರು ಯಾರು, ಅಡಿಕೆ ಗೊನೆ ತೆಗೆಸುವವರು ಯಾರು? ಮಳೆ ಬಿಟ್ಟು ಹೊಳವಾದ ಎರಡೇ ದಿನದಲ್ಲಿ ಔಷಧಿ ಆಗಬೇಕು, ಆ ಎರಡು ದಿನ ಮರ ಹತ್ತುವ ಕೊನೆಗಾರ ಬರುವುದು ತೋಟದಲ್ಲಿ ಮುಂದೆ ನಿಂತವರ ಮಾತಿಗೆ. ಮಾವನಿಗೆ ವಯಸ್ಸಾಗಿದ್ದರೆ ಅದು ಅವರ ಕೈಲಾಗುವ ಕೆಲಸವೂ ಅಲ್ಲ. ನನ್ನ ಮನಸ್ಸಿಗೆ ತೋಚುವುದು: ತೋಟ ಬಿಟ್ಟು ಅವರು ಬರುವುದು ಬೇಡ, ರೋಗ ಇರುವ ತೋಟವನ್ನು ಎರಡು ವರ್ಷ ಬಿಟ್ಟರೆ ತಿರುಗಿ ಕಟ್ಟಲು ಹತ್ತು ವರ್ಷ ಬೇಕು.

ಜಮೀನಿನ ಬಗ್ಗೆ ಒಂದು ಮಾತು. ವಿದೇಶದಲ್ಲಿ ನೆಲೆಸಿದರೂ ಇರುವ ತೋಟ ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು. ಹೊಸದಾಗಿ ಕೃಷಿ ಜಮೀನು ಕೊಳ್ಳೋಕೆ ಆಗಲ್ಲ. ಅಲ್ಲಿನ ಪೌರತ್ವ ತಗೊಂಡರೆ ಭಾರತದ್ದು ಹೋಗುತ್ತದೆ, ಎರಡೂ ಇಟ್ಟುಕೊಳ್ಳೋಕೆ ನಮ್ಮ ಕಾನೂನು ಬಿಡಲ್ಲ. ಹಾಗಾಗಿ ಪೌರತ್ವದ ಮಾತು ಸದ್ಯಕ್ಕೆ ಪಕ್ಕಕ್ಕಿಡಿ.

ಹೋಗಿ ಅಂತಲೇ ನನ್ನ ಸಲಹೆ, ಆದರೆ ಈ ವರ್ಷವಲ್ಲ. ಜರ್ಮನ್‌ನ ಮೊದಲ ಎರಡು ಮಟ್ಟ ಎ1, ಎ2 ಇಲ್ಲಿದ್ದುಕೊಂಡೇ ಮುಗಿಸಿ, ಖರ್ಚು ಕಡಿಮೆ, ಬೇಡ ಅನ್ನಿಸಿದರೆ ಕಳಕೊಳ್ಳುವುದೂ ಏನಿಲ್ಲ. ನೈಟ್ ಡ್ಯೂಟಿ ಮಾಡಿಕೊಂಡು ಜರ್ಮನ್ ಓದುವುದು ಸುಲಭವಲ್ಲ, ಆ ಆರೆಂಟು ತಿಂಗಳೇ ನಿಮಗೆ ಅರ್ಧ ಉತ್ತರ ಹೇಳುತ್ತದೆ. ಈ ಸಲದ ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ, ಅತ್ತೆ, ಮಾವ, ಗಂಡ ಎಲ್ಲರೂ ಇರುವಾಗ ಸಾಲದ ಲೆಕ್ಕ ಮುಂದಿಟ್ಟುಕೊಂಡು ಮಾತಾಡಿ. ‘ಬೇಡ’ ಅನ್ನುವ ಅತ್ತೆಯೇ ನೀವಿಲ್ಲದಾಗ ಮಗಳನ್ನು ನೋಡಿಕೊಳ್ಳಬೇಕಾದವರು, ಅವರ ಮಾತು ಪೂರ್ತಿ ಕೇಳಿ. ಒರಿಜಿನಲ್ ತರೋಕೆ ಮಾತ್ರ ನಾಳೆ ಬೆಳಿಗ್ಗೆಯೇ ಹೋಗಿ, ಒಬ್ಬರೇ ಹೋಗಬೇಡಿ, ಗಂಡನನ್ನು ಕರೆದುಕೊಂಡು ಹೋಗಿ.